335ಇ ಬಸ್ಸು, ಏಳೂಕಾಲರ ಬಸ್ಸು

ಮೇಷ್ಟ್ರಗಿರಿಯಿಂದ ನಿವೃತ್ತಳಾದ ಮೇಲೆ ನನ್ನದು ವರ್ಷಕ್ಕೆ ಆರು ತಿಂಗಳು ಕೊಪ್ಪದ ಹತ್ತಿರದ ನಮ್ಮ ಹಳ್ಳಿ, ಆರು ತಿಂಗಳು ಬೆಂಗಳೂರಿನ ಮಾರತಹಳ್ಳಿಯಲ್ಲಿ ಮಗಳ ಮನೆ. ಒಂದೂರಿನ ಬಸ್ಸಿನ ಬುದ್ಧಿ ಇನ್ನೊಂದೂರಲ್ಲಿ ನಡೆಯುವುದಿಲ್ಲ. ಹೊಸದಾಗಿ ಓಡಾಡುವವರಿಗೆ ಇಷ್ಟು ಹೇಳಿಬಿಡುತ್ತೇನೆ.

ಬೆಂಗಳೂರಲ್ಲಿ ನಂಬರಿನ ಜೊತೆ ಅಕ್ಷರವನ್ನೂ ಓದಿ. 335ಇ ಓಡುವುದು ಮೆಜೆಸ್ಟಿಕ್‌ಗೂ ಕಾಡುಗೋಡಿಗೂ ನಡುವೆ. ಮುಂದೊಂದು 'ವಿ' ಇದ್ದರೆ ಅದು ಎಸಿ ವಜ್ರ. ಶಕ್ತಿ ಯೋಜನೆ ಅಲ್ಲಿಲ್ಲ, ಹೆಂಗಸರೂ ದುಡ್ಡು ಕೊಡಬೇಕು. ಹೋಗುವುದಕ್ಕೂ ಬರುವುದಕ್ಕೂ ನಂಬರು ಒಂದೇ ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ದೊಮ್ಮಲೂರಿನಲ್ಲಿ ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಸೀಟು ಸಿಕ್ಕ ಖುಷಿಯಲ್ಲಿ ಕಣ್ಣು ಮುಚ್ಚಿದವಳು ಮಾರತಹಳ್ಳಿ ಬಿಟ್ಟು ಮೆಜೆಸ್ಟಿಕ್‌ನಲ್ಲಿ ಇಳಿದೆ! ಅಂದಿನಿಂದ ಬೋರ್ಡು ಓದಿದರೂ ಕಂಡಕ್ಟರನ್ನು ಕೂಗಿ ಕೇಳಿಯೇ ಹತ್ತುತ್ತೇನೆ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಕರ್ನಾಟಕದ ವಿಳಾಸವಿರುವ ಆಧಾರ್ ಕೈಗೆ ಸಿಗುವಂತಿರಲಿ. ಪುಕ್ಕಟೆ ಎಂದು ಸುಮ್ಮನೆ ಕೂರಬೇಡಿ, ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಿ. ರಶ್ ಇದ್ದರೆ ನಿಮ್ಮ ಸ್ಟಾಪಿಗೆ ಎರಡು ಸ್ಟಾಪು ಮೊದಲೇ ಎದ್ದು ಬಾಗಿಲ ಹತ್ತಿರ ಸರಿಯಿರಿ; 'ಇಳೀಬೇಕು ಕಣಪ್ಪಾ' ಅಂದರೆ ಜನ ಜಾಗ ಬಿಡುತ್ತಾರೆ. ಮಳೆ ಬಂದ ಸಂಜೆ ಮಾತ್ರ ಬಸ್ಸನ್ನು ನಂಬಬೇಡಿ. ಮೆಟ್ರೋ ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಯವರೆಗೆ ಹೋಗಿ, ಉಳಿದದ್ದಕ್ಕೆ ಆಟೋ.

ನಮ್ಮೂರಲ್ಲಿ ನಂಬರೇ ಇಲ್ಲ. ಹೊತ್ತೇ ಬಸ್ಸಿನ ಹೆಸರು: ಬೆಳಗಿನ ಏಳೂಕಾಲರ ಬಸ್ಸು, ಸಂಜೆಯ ಐದೂವರೆ ಬಸ್ಸು. ಎರಡೂ ಖಾಸಗಿ, ಆದ್ದರಿಂದ ಆಧಾರ್ ಒಳಗಿಟ್ಟು ಚಿಲ್ಲರೆ ತೆಗೆಯಿರಿ. ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ನನ್ನ ಬಾಯಲ್ಲಿ ಮಾತ್ರ ಯಾವ ಬಸ್ಸು ಬಂದರೂ ಇನ್ನೂ 'ಸಹಕಾರ ಬಂತು' ಅಂತಲೇ ಬರುತ್ತದೆ.

ಇಲ್ಲಿ ಮೊಬೈಲಿನಲ್ಲಿ ಬಸ್ಸು ಹುಡುಕಿ ಪ್ರಯೋಜನವಿಲ್ಲ. ಸ್ಟಾಪಿನ ಪಕ್ಕದ ಅಂಗಡಿಯವರನ್ನು ಕೇಳಿ. ಬಸ್ಸು ಇವತ್ತು ಬಿಟ್ಟಿದೆಯೇ, ದಾರಿಯಲ್ಲಿ ಮರ ಬಿದ್ದಿದೆಯೇ, ಡ್ರೈವರನ ಮನೆಯಲ್ಲಿ ಮದುವೆಯೇ, ಎಲ್ಲ ಅವರಿಗೆ ಗೊತ್ತು. ಶಾಲೆಗೆ ರಜೆ ಇದ್ದರೆ ಬಸ್ಸಿಗೂ ರಜೆ ಇರಬಹುದು, ಹಿಂದಿನ ದಿನವೇ ವಿಚಾರಿಸಿ. ಸ್ಟಾಪಿಗೇ ಬರಬೇಕೆಂದಿಲ್ಲ, ನಿಮ್ಮ ಮನೆಯ ಉಣುಗೋಲಿನ (ಬೇಲಿಗೆ ಅಡ್ಡ ಗಳುಗಳ ಗೇಟು) ಎದುರು ಕೈ ಅಡ್ಡ ಹಾಕಿದರೂ ನಿಲ್ಲಿಸುತ್ತಾರೆ. ಆದರೆ ತಿರುವಿನಲ್ಲಿ ನಿಂತು ಕೈ ಹಾಕಬೇಡಿ. ಪೇಟೆಯಿಂದ ಔಷಧಿ ಬೇಕಿದ್ದರೆ ಕಂಡಕ್ಟರನ ಕೈಗೆ ಚೀಟಿ, ದುಡ್ಡು ಕೊಟ್ಟರಾಯಿತು, ಸಂಜೆ ಅದೇ ಬಸ್ಸಿನಲ್ಲಿ ಬರುತ್ತದೆ. ಬೆಂಗಳೂರಿನ ಕಂಡಕ್ಟರನ ಹತ್ತಿರ ಹೀಗೆ ಹೇಳಿ ನೋಡಿ ಎಂದು ಮಗಳು ನಗುತ್ತಾಳೆ.

ಐದೂವರೆ ತಪ್ಪಿತೋ, ಆ ದಿನ ಮತ್ತೆ ಬಸ್ಸಿಲ್ಲ. ಸ್ಟ್ಯಾಂಡಿನಲ್ಲಿ ನಿಮ್ಮ ಕಡೆ ಹೊರಟ ಜೀಪಿದೆಯೇ ನೋಡಿ, ಇಲ್ಲದಿದ್ದರೆ ಪೇಟೆಯಲ್ಲಿರುವ ನೆಂಟರ ಮನೆಯೇ ಗತಿ. ಕೊಪ್ಪಕ್ಕೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಸೀರೆ ಯಾವಾಗಲೂ ಇರುತ್ತದೆ.