ಎರಡು ವಿಶ್ವವಿದ್ಯಾಲಯ, ಒಂದು ಸೀಟು: ಎಂಜಿನಿಯರಿಂಗ್ ಸೇರುವ ಮುನ್ನ ತೂಗಿ ನೋಡುವ ಬಗೆ

ಸಿಇಟಿ ರ್‍ಯಾಂಕ್ ಪ್ರಕಟವಾದ ಮರುದಿನದಿಂದ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಹೆಸರುಗಳಿಗೆ ಬಂದು ನಿಲ್ಲುತ್ತದೆ. ಊರಿಗೆ ಹತ್ತಿರದ್ದೊಂದು, ಬೆಂಗಳೂರಿನದೊಂದು. ಇಲ್ಲವೇ ಒಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜು, ಇನ್ನೊಂದು ಖಾಸಗಿ ವಿಶ್ವವಿದ್ಯಾಲಯ. ಕಾಕಾ, ಮಾಮಾ, ಓಣಿಯ ಹಿರಿಯರು ಎಲ್ಲರೂ ಹೆಸರಿನ ಮೇಲೆಯೇ ಸಲಹೆ ಕೊಡುತ್ತಾರೆ. ಆದರೆ ವಿದ್ಯಾರ್ಥಿ ನಾಲ್ಕು ವರ್ಷ ಕಳೆಯುವುದು ಒಂದು ವಿಭಾಗದ ಕೆಲವೇ ಕೊಠಡಿಗಳಲ್ಲಿ, ಕೆಲವೇ ಅಧ್ಯಾಪಕರ ಎದುರು. ಆದ್ದರಿಂದ ಹೋಲಿಕೆ ನಡೆಯಬೇಕಾದದ್ದು ವಿಭಾಗ ವಿಭಾಗಗಳ ನಡುವೆ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪರೀಕ್ಷೆ ಯಾರದು, ಪದವಿ ಯಾರದು ಎಂದು ತಿಳಿಯಿರಿ

ನಮ್ಮ ಭಾಗದ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸಾಮಾನ್ಯ ಕಾಲೇಜು. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಈ ಬಗೆಯದು. ಇಲ್ಲಿ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಫಲಿತಾಂಶ, ಪದವಿ ಎಲ್ಲವೂ ವಿಟಿಯುವಿನದು. ಎರಡನೆಯದು ಸ್ವಾಯತ್ತ ಕಾಲೇಜು. ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಗಳು ಪಠ್ಯಕ್ರಮ ಮತ್ತು ಪರೀಕ್ಷೆಯನ್ನು ತಾವೇ ರೂಪಿಸಿಕೊಳ್ಳುತ್ತವೆ, ಪದವಿ ಮಾತ್ರ ವಿಟಿಯುವಿನಿಂದ ಬರುತ್ತದೆ. ಮೂರನೆಯದು ಎಲ್ಲವನ್ನೂ ತನ್ನ ಹೆಸರಿನಲ್ಲೇ ನಡೆಸುವ ವಿಶ್ವವಿದ್ಯಾಲಯ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದಕ್ಕೆ ಉದಾಹರಣೆ. ಧಾರವಾಡದ ಐಐಟಿ ಮತ್ತು ಐಐಐಟಿಗಳಿಗೆ ಜೆಇಇ ಮೂಲಕ ಪ್ರವೇಶ ಇರುವುದರಿಂದ ಅವುಗಳ ವಿಚಾರ ಬೇರೆ.

ಹೆಸರಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದಕ್ಕೆ ಹುಬ್ಬಳ್ಳಿಯ ವಿದ್ಯಾನಗರದ ಆವರಣವನ್ನೇ ನೋಡಬಹುದು. 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜಿನ ವಿದ್ಯಾರ್ಥಿಗಳಿಗೆ, ವಿಟಿಯು ಸ್ಥಾಪನೆಯಾದ 1998ಕ್ಕೆ ಮುನ್ನ, ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಸಿಗುತ್ತಿತ್ತು. ಆಮೇಲೆ ವಿಟಿಯು ಪದವಿ ಬಂತು. 2015ರಲ್ಲಿ ಅದೇ ಸಂಸ್ಥೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಪ್ರಮಾಣಪತ್ರದ ಮೇಲಿನ ಹೆಸರು ಹೀಗೆ ಬದಲಾದರೂ ಇಂದಿಗೂ ಊರಿನ ಜನ ಅದನ್ನು ಬಿವಿಬಿ ಎಂದೇ ಕರೆಯುತ್ತಾರೆ.

ಈ ವ್ಯತ್ಯಾಸದ ಪರಿಣಾಮ ವಿದ್ಯಾರ್ಥಿಗೆ ತಟ್ಟುವುದು ಪರೀಕ್ಷೆಯ ಹೊತ್ತಿಗೆ. ವಿಟಿಯುವಿನ ಸಾಮಾನ್ಯ ಕಾಲೇಜಿನಲ್ಲಿ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಇರುವುದರಿಂದ ಪಾಠ ಮಾಡಿದವರು ಯಾರೇ ಆಗಿರಲಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು ಸ್ವಂತ ಬಲದಿಂದ ಓದಿಕೊಳ್ಳುವವನಿಗೆ ದಾರಿ ತೆರೆದಿರುತ್ತದೆ. ಸ್ವಾಯತ್ತ ಕಾಲೇಜು ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪಠ್ಯವನ್ನು ಬೇಗ ಬದಲಿಸಬಹುದು, ಫಲಿತಾಂಶವೂ ಬೇಗ ಬರುತ್ತದೆ. ಆದರೆ ವಿಭಾಗದ ಅಧ್ಯಾಪಕರೇ ಪಾಠ ಮಾಡಿ, ಪ್ರಶ್ನೆ ತೆಗೆದು, ಅಂಕ ಕೊಡುವ ಕಡೆ ಎಲ್ಲವೂ ಅವರ ಗುಣಮಟ್ಟದ ಮೇಲೆಯೇ ನಿಲ್ಲುತ್ತದೆ. ಒಳ್ಳೆಯ ವಿಭಾಗವಿದ್ದರೆ ಹೀಗೆ ತಾವೇ ಪರೀಕ್ಷೆ ನಡೆಸುವ ಸಂಸ್ಥೆಯೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ವಿಭಾಗ ಸಡಿಲವಾಗಿದ್ದರೆ ಒಂಬತ್ತಕ್ಕಿಂತ ಹೆಚ್ಚಿನ ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ, ಹತ್ತಕ್ಕೆ) ಕೂಡ ಸಂದರ್ಶನದ ಮೊದಲ ಹತ್ತು ನಿಮಿಷದಲ್ಲಿ ಕರಗಿಹೋಗುತ್ತದೆ.

ಮಾನ್ಯತೆಯನ್ನು ಬ್ರಾಂಚ್ ಹಿಡಿದು ಪರಿಶೀಲಿಸಿ

‘ನ್ಯಾಕ್ ಎ ಶ್ರೇಣಿ’ ಎಂಬ ಫಲಕ, ಅಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು ಕೊಡುವ ಶ್ರೇಣಿ, ಇಡೀ ಸಂಸ್ಥೆಗೆ ಸಂಬಂಧಿಸಿದ್ದು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಹೆಚ್ಚು ಮುಖ್ಯವಾದದ್ದು ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಕೊಡುವ ಮಾನ್ಯತೆ. ಅದು ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ, ನಿಗದಿತ ಅವಧಿಗೆ ಸಿಗುತ್ತದೆ. ಒಂದೇ ಕಾಲೇಜಿನಲ್ಲಿ ಸಿವಿಲ್ ವಿಭಾಗಕ್ಕೆ ಅದು ಇದ್ದು ಎಲೆಕ್ಟ್ರಿಕಲ್ ವಿಭಾಗಕ್ಕೆ ಇಲ್ಲದಿರಬಹುದು. ಎನ್‌ಬಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ನಿಮ್ಮ ಬ್ರಾಂಚಿನ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್‌ನಂತಹ ಹೊಸ ಬ್ರಾಂಚುಗಳಿಗೆ ಮಾನ್ಯತೆ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಕನಿಷ್ಠ ಎರಡು ತಂಡಗಳು ಪದವಿ ಮುಗಿಸಿ ಹೊರಬಂದ ಮೇಲಷ್ಟೇ ಎನ್‌ಬಿಎಗೆ ಅರ್ಜಿ ಹಾಕಲು ಬರುತ್ತದೆ. ಅಂತಹ ಕಡೆ ಪಾಠ ಮಾಡುವವರು ಎಲ್ಲಿಂದ ಬಂದಿದ್ದಾರೆ, ಹಳೆಯ ಕಂಪ್ಯೂಟರ್ ಸೈನ್ಸ್ ವಿಭಾಗದವರೋ ಅಥವಾ ತರಾತುರಿಯಲ್ಲಿ ನೇಮಕವಾದವರೋ ಎಂದು ವಿಚಾರಿಸಬೇಕು. ‘ಸಿಎಸ್ ಸಿಕ್ಕರೆ ಸಾಕು, ಯಾವ ಕಾಲೇಜಾದರೂ ಅಡ್ಡಿಯಿಲ್ಲ’ ಎಂಬ ನಮ್ಮ ಕಡೆಯ ಮಾತು ಎಡವುವುದು ಇಲ್ಲಿಯೇ.

ಪ್ಲೇಸ್‌ಮೆಂಟ್ ಅಂಕಿಗಳ ಒಳಗನ್ನು ನೋಡಿ

‘ಶೇ 90 ಪ್ಲೇಸ್‌ಮೆಂಟ್’ ಎಂಬ ಜಾಹೀರಾತನ್ನು ಕಂಡಾಗ ಕೇಳಬೇಕಾದ ಪ್ರಶ್ನೆ, ಯಾವ ಸಂಖ್ಯೆಗೆ ಶೇ 90 ಎಂಬುದು. ಒಂದು ವಿಭಾಗಕ್ಕೆ 120 ವಿದ್ಯಾರ್ಥಿಗಳು ಸೇರಿದ್ದಾರೆ, ಅವರಲ್ಲಿ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದ, ಕಂಪನಿಗಳು ಕೇಳಿದ ಸಿಜಿಪಿಎ ಇರುವ 70 ಮಂದಿಯಷ್ಟೇ ಹೆಸರು ನೋಂದಾಯಿಸಿದ್ದಾರೆ, 63 ಮಂದಿಗೆ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ನೋಂದಾಯಿಸಿದವರ ಲೆಕ್ಕದಲ್ಲಿ ಅದು ಶೇ 90, ಸೇರಿದವರ ಲೆಕ್ಕದಲ್ಲಿ ಶೇ 52.5. ಒಬ್ಬನೇ ವಿದ್ಯಾರ್ಥಿಗೆ ಬಂದ ಮೂರು ಆಫರ್‌ಗಳನ್ನು ಮೂರಾಗಿ ಎಣಿಸುವ ಪದ್ಧತಿಯೂ ಉಂಟು. ಅತಿ ಹೆಚ್ಚಿನ ಪ್ಯಾಕೇಜಿನ ಅಂಕಿಯಂತೂ ಒಬ್ಬ ವಿದ್ಯಾರ್ಥಿಯ ಕಥೆ; ಅದನ್ನು ಬಿಟ್ಟುಬಿಡಿ.

ಇದಕ್ಕಿಂತ ಉಪಯುಕ್ತವಾದ ದಾಖಲೆ, ಕೇಂದ್ರ ಸರ್ಕಾರದ ಶ್ರೇಯಾಂಕ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಸಂಸ್ಥೆಗಳೇ ಸಲ್ಲಿಸುವ ಮಾಹಿತಿ. ಅದು ಸಂಸ್ಥೆಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಶ್ರೇಯಾಂಕ ಯಾವುದೇ ಇರಲಿ, ಆ ಪಿಡಿಎಫ್‌ನಲ್ಲಿ ಮೊದಲ ವರ್ಷಕ್ಕೆ ಎಷ್ಟು ಮಂದಿ ಸೇರಿದರು, ನಿಗದಿತ ನಾಲ್ಕು ವರ್ಷದಲ್ಲೇ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಉನ್ನತ ಶಿಕ್ಷಣಕ್ಕೆ ಹೋದರು, ಸಂಬಳದ ಮಧ್ಯಾಂಕ ಎಷ್ಟು ಎಂಬ ವಿವರಗಳಿರುತ್ತವೆ. ಮಧ್ಯಾಂಕವೆಂದರೆ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಅಂಕಿ. ಸೇರಿದವರಿಗೂ ಸಮಯಕ್ಕೆ ಸರಿಯಾಗಿ ಮುಗಿಸಿದವರಿಗೂ ನಡುವಿನ ಅಂತರ ಎರಡು ಸಂಸ್ಥೆಗಳಲ್ಲಿ ಬಹಳ ಬೇರೆಯಾಗಿದ್ದರೆ ಕಾರಣವನ್ನು ಕೇಳಲೇಬೇಕು. ಈ ಅಂಕಿಗಳು ಬ್ರಾಂಚ್‌ವಾರು ಇರುವುದಿಲ್ಲ, ಅದೊಂದು ಕೊರತೆ.

ಕ್ಲಾಸುಗಳು ನಡೆಯುವ ದಿನ ಹೋಗಿ ಬನ್ನಿ

ಪ್ರವೇಶ ಮೇಳದ ದಿನ ಎಲ್ಲ ಕಾಲೇಜುಗಳೂ ಚೆಂದವೇ. ಸಾಧಾರಣ ಕೆಲಸದ ದಿನ, ಅನುಮತಿ ಪಡೆದು ವಿಭಾಗಕ್ಕೆ ಹೋಗಿ. ವಿಭಾಗದ ಮುಖ್ಯಸ್ಥರ ಕೊಠಡಿಯ ಹೊರಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಒಬ್ಬರದೇ ಹೆಸರು ಪರಸ್ಪರ ಸಂಬಂಧವಿಲ್ಲದ ನಾಲ್ಕು ವಿಷಯಗಳ ಮುಂದೆ ಕಂಡರೆ ಅಧ್ಯಾಪಕರ ಕೊರತೆ ಇದೆ ಎಂದರ್ಥ. ಲ್ಯಾಬಿನಲ್ಲಿ ಯಂತ್ರದ ಬಳಕೆಯ ದಾಖಲೆ ಪುಸ್ತಕವನ್ನು ತೋರಿಸಲು ವಿನಂತಿಸಿ. ಕೊನೆಯ ನಮೂದು ಕಳೆದ ವರ್ಷದ್ದಾಗಿದ್ದರೆ, ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನೀರಿನ ಹರಿವು ಅಳೆಯುವ ವೆಂಚುರಿಮೀಟರಿನ ಕೊಳವೆಗಳು ಒಣಗಿ ಬಿಳಿ ಉಪ್ಪು ಕಟ್ಟಿದ್ದರೆ, ಅಲ್ಲಿನ ಲ್ಯಾಬ್ ರೆಕಾರ್ಡುಗಳು ಹಿಂದಿನ ವರ್ಷದವರ ಪುಸ್ತಕ ನೋಡಿ ತುಂಬುವಂಥವು ಎಂದು ಊಹಿಸಬಹುದು. ಬಳಿಕ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬನ ಜೊತೆ ಕುಳಿತು, ಸೆಮಿಸ್ಟರ್ ನಡುವೆ ಎಷ್ಟು ಮಂದಿ ಅಧ್ಯಾಪಕರು ಬಿಟ್ಟುಹೋದರು, ಇಂಟರ್ನ್‌ಶಿಪ್ ಕಾಲೇಜು ಕೊಡಿಸಿತೋ ತಾವೇ ಹುಡುಕಿಕೊಂಡರೋ ಎಂದು ಕೇಳಿ. ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ಸುತ್ತಿಬಳಸದೆ ಉತ್ತರಿಸುತ್ತಾರೆ.

ಖರ್ಚನ್ನು ನಾಲ್ಕು ವರ್ಷಕ್ಕೆ ಹಾಕಿ

ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಮೆಸ್, ಪ್ರಯಾಣ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಎರಡು ಸಾಲುಗಳಾಗಿ ಬರೆದು ನಾಲ್ಕು ವರ್ಷಕ್ಕೆ ಕೂಡಿಸಿ. ಮ್ಯಾನೇಜ್‌ಮೆಂಟ್ ಸೀಟಾದರೆ ವರ್ಷವರ್ಷವೂ ಶುಲ್ಕ ಏರುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಸಾರಿಗೆ ಬಸ್ಸು ಇರುವುದರಿಂದ ಅವಳಿ ನಗರದೊಳಗಿನ ದೂರ ಲೆಕ್ಕಕ್ಕೆ ಬರುವುದಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ದಿನಾ ಅಪ್-ಡೌನ್ ಮಾಡುವವರು ಅನೇಕರಿದ್ದಾರೆ. ಹಾಸ್ಟೆಲ್ ಖರ್ಚು ಉಳಿಯುತ್ತದೆ, ಆದರೆ ಲ್ಯಾಬ್ ಮುಗಿದ ಮೇಲೆ ಪ್ರಾಜೆಕ್ಟಿಗೆಂದು ವಿಭಾಗದಲ್ಲಿ ಉಳಿಯುವ ಸಂಜೆಗಳು ತಪ್ಪುತ್ತವೆ. ಹಾವೇರಿಯಿಂದ ದಿನಾ ಓಡಾಡುವುದು ನಾಲ್ಕು ವರ್ಷದ ಮಟ್ಟಿಗೆ ಕಷ್ಟವೇ.

ಆಪ್ಷನ್ ಎಂಟ್ರಿಯಲ್ಲಿ ಇಷ್ಟದ ಕ್ರಮವನ್ನೇ ಅನುಸರಿಸಿ

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವುದು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ನಿಮ್ಮ ರ್‍ಯಾಂಕಿನ ಸರದಿ ಬಂದಾಗ ಆ ಪಟ್ಟಿಯ ಮೊದಲ ಆಯ್ಕೆಯಿಂದ ಕೆಳಕ್ಕೆ ಹುಡುಕಿ, ಮೊದಲು ಖಾಲಿ ಸಿಕ್ಕ ಸೀಟನ್ನು ಕೊಡಲಾಗುತ್ತದೆ. ಆದ್ದರಿಂದ ಸಿಗಲಾರದು ಎನಿಸಿದ ಸೀಟನ್ನು ಮೇಲೆ ಬರೆದರೆ ನಷ್ಟವಿಲ್ಲ. ಸೇರಲು ಮನಸ್ಸಿಲ್ಲದ ಸೀಟನ್ನು ಬರೆದರೆ ಮಾತ್ರ ತೊಂದರೆ. ಹಿಂದಿನ ವರ್ಷಗಳ ಕಟ್‌ಆಫ್, ಅಂದರೆ ಸೀಟು ಸಿಕ್ಕ ಕೊನೆಯ ರ್‍ಯಾಂಕ್, ನೋಡುವಾಗ ನಿಮ್ಮ ಮೀಸಲಾತಿ ವರ್ಗದ ಸಾಲನ್ನೇ ನೋಡಬೇಕು. 2ಎ ವರ್ಗದಲ್ಲೇ 2ಎಜಿ, 2ಎಆರ್, 2ಎಕೆ ಎಂದು ಮೂರು ಸಾಲುಗಳಿದ್ದು, ಜಿ ಎಂಬುದು ಸಾಮಾನ್ಯ, ಆರ್ ಎಂಬುದು ಗ್ರಾಮೀಣ, ಕೆ ಎಂಬುದು ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡದಲ್ಲಿ ಓದಿದವರು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇರುವ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ರೋಣ, ಶಿರಹಟ್ಟಿ, ಹಾನಗಲ್ ಕಡೆಯ ಎಷ್ಟೋ ಮಕ್ಕಳಿಗೆ ಇದೊಂದೇ ಕಾಗದದಿಂದ ಎರಡನೆಯ ವಿಶ್ವವಿದ್ಯಾಲಯದ ಬದಲು ಮೊದಲನೆಯದು ಸಿಗಬಹುದು.

ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯ ಬಳಿಕ ನಾಲ್ಕು ದಾರಿಗಳಿವೆ: ಸೀಟು ಒಪ್ಪಿ ಶುಲ್ಕ ಕಟ್ಟಿ ಸೇರುವುದು, ಅದನ್ನು ಉಳಿಸಿಕೊಂಡೇ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಅದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡು ಸಂಸ್ಥೆಗಳಲ್ಲಿ ಮೇಲಿನದರ ಮೇಲೆ ಮನಸ್ಸಿದ್ದು, ಕೆಳಗಿನದೂ ಒಪ್ಪಿಗೆಯಿದ್ದರೆ ಎರಡನೆಯ ದಾರಿಯೇ ಸುರಕ್ಷಿತ.

ಸಿಇಟಿ ಹಂಚಿಕೆಗೆ ಮುನ್ನವೇ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಮುಂಗಡ ಕಟ್ಟುವುದಾದರೆ, ಸೀಟು ಬಿಟ್ಟರೆ ಯಾವ ದಿನಾಂಕದೊಳಗೆ ಎಷ್ಟು ಹಣ ವಾಪಸು ಬರುತ್ತದೆ ಎಂಬುದನ್ನು ಪ್ರವೇಶ ಕಚೇರಿಯಿಂದ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರವನ್ನು ಪರಿಶೀಲನೆಗೆ ತೋರಿಸಬಹುದು. ಅವುಗಳನ್ನು ಸಂಸ್ಥೆ ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲೇ ಸೂಚಿಸಿದೆ. ಶುಲ್ಕ ಮರುಪಾವತಿಯ ನಿಯಮವೂ ಅದೇ ಅಧಿಸೂಚನೆಯಲ್ಲಿದೆ.