ದಿಂಬಿನಡಿ ಚಪಾತಿ ಸಿಕ್ಕರೆ: ಪೋಷಕತ್ವದಡಿ ಬಂದ ಮಗುವನ್ನು ನೋಡಿಕೊಳ್ಳುವ ಬಗೆ

ಪೋಷಕತ್ವ ಯೋಜನೆಯಡಿ (ಫಾಸ್ಟರ್ ಕೇರ್: ಹೆತ್ತವರ ಬಳಿ ಇರಲಾಗದ ಮಗುವನ್ನು ಬೇರೊಂದು ಕುಟುಂಬ ಸ್ವಲ್ಪ ಕಾಲ ನೋಡಿಕೊಳ್ಳುವ ವ್ಯವಸ್ಥೆ) ಮನೆಗೆ ಬಂದ ಮಗು ಚಪಾತಿ ಸುತ್ತಿ ದಿಂಬಿನಡಿ ಇಟ್ಟುಕೊಂಡರೆ, ಬಿಸ್ಕತ್ತಿನ ಡಬ್ಬಿ ರಾತ್ರಿ ಬೆಳಗಾಗುವುದರಲ್ಲಿ ಖಾಲಿಯಾದರೆ, ಅದನ್ನು ಕಳ್ಳತನ ಎನ್ನಬೇಡಿ. ಹಸಿದು ಮಲಗಿ ಗೊತ್ತಿರುವ ಮಗುವಿಗೆ ನಾಳೆಯ ಊಟದ ಮೇಲೆ ನಂಬಿಕೆಯಿರುವುದಿಲ್ಲ. ಹೊಟ್ಟೆ ತುಂಬಿದ ಮಾತ್ರಕ್ಕೆ ಆ ಭಯ ಹೋಗುವುದೂ ಇಲ್ಲ. ಬೈದರೆ, ಅಡುಗೆಮನೆಗೆ ಬೀಗ ಹಾಕಿದರೆ ಮಗು ಇನ್ನಷ್ಟು ಬಚ್ಚಿಡುತ್ತದೆ.

ಮುಚ್ಚಳವಿರುವ ಒಂದು ಡಬ್ಬಿಯನ್ನು ಮಗುವಿಗೆಂದೇ ಕೊಟ್ಟು, ಕೈಗೆಟುಕುವ ಕಡೆ ಇಡಿ. ಕಡಲೆಮಿಠಾಯಿ, ಹುರಿಗಡಲೆ, ಖರ್ಜೂರದಂಥ ಕೆಡದ ತಿನಿಸು ಸಾಕು. ಐದು ವರ್ಷದೊಳಗಿನ ಮಗುವಾದರೆ ಗಂಟಲಿಗೆ ಸಿಕ್ಕಿಕೊಳ್ಳುವ ಕಾಳು, ಬೀಜ ಬೇಡ. "ಇದು ನಿನ್ನದು, ಕೇಳದೆ ತಿನ್ನಬಹುದು" ಎಂದು ಒಮ್ಮೆ ಹೇಳಿ. ಖಾಲಿಯಾದಾಗ ಲೆಕ್ಕ ಕೇಳದೆ ತುಂಬಿಸಿ. ಊಟ, ತಿಂಡಿ ಎರಡು ಮೂರು ಗಂಟೆಗೊಮ್ಮೆ ಗೊತ್ತಾದ ಹೊತ್ತಿಗೆ ಬರಲಿ. ಆ ವೇಳಾಪಟ್ಟಿ ಫ್ರಿಜ್ಜಿನ ಮೇಲಿರಲಿ. ಹಾಸಿಗೆಯಲ್ಲಿ ಹಳಸಿದ್ದು ಸಿಕ್ಕರೆ ಮಗುವಿನ ಜೊತೆಗೇ ತೆಗೆದು, ಬದಲಿಗೆ ಹೊಸದನ್ನು ಡಬ್ಬಿಗೆ ಹಾಕಿ. ಹೆಚ್ಚಿನವರು ಎಡವುವುದು ಎರಡು ವಾರದಲ್ಲೇ ಎಲ್ಲ ಸರಿಹೋಯಿತೆಂದು ಡಬ್ಬಿ ತೆಗೆದುಬಿಟ್ಟಾಗ. ಮಗುವೇ ಅದನ್ನು ಮರೆಯುವ ತನಕ ಇರಲಿ, ತಿಂಗಳುಗಳೇ ಆದರೂ ಸರಿ. ಊಟ ತಪ್ಪಿಸುವ ಶಿಕ್ಷೆಯಂತೂ ಎಂದಿಗೂ ಕೂಡದು.

ರಾತ್ರಿ ಬಾಗಿಲು ತೆರೆದಿರಬೇಕೋ ಮುಚ್ಚಬೇಕೋ, ದೀಪ ಬೇಕೋ ಬೇಡವೋ, ಮಗುವನ್ನೇ ಕೇಳಿ. ಮಲಗಿದ ಮಗುವನ್ನು ಮುಟ್ಟಿ ಎಬ್ಬಿಸಬೇಡಿ. ಬಾಗಿಲ ಬಳಿಯಿಂದ ಹೆಸರು ಹಿಡಿದು ಕರೆಯಿರಿ.

ಸಣ್ಣ ಮಾತಿಗೆ ಕಿರುಚಾಟ, ವಸ್ತು ಎಸೆತ ಶುರುವಾದಾಗ ಬುದ್ಧಿ ಹೇಳಿ ಫಲವಿಲ್ಲ: ಭಯ ಹತ್ತಿದ ಮಗುವಿಗೆ ವಿವರಣೆ ತಲೆಗೆ ಹೋಗದು. ದನಿ ತಗ್ಗಿಸಿ, ನೆಲದ ಮೇಲೆ ಕೂತುಕೊಳ್ಳಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. "ನಾನಿಲ್ಲೇ ಇದ್ದೀನಿ" ಎಂಬಷ್ಟೇ ಸಾಕು. ಕೋಣೆಗೆ ಅಟ್ಟಿದರೆ, ಒಮ್ಮೆ ಬಿಟ್ಟುಹೋದವರ ನೆನಪಿರುವ ಮಗುವಿಗೆ ಇವರೂ ಬಿಟ್ಟರು ಎನಿಸುತ್ತದೆ. ನೀರು ಕುಡಿದು, ಉಸಿರು ತಹಬಂದಿಗೆ ಬಂದ ಮೇಲೆ ಮಾತಾಡಿ. ಹೆತ್ತವರನ್ನು ಭೇಟಿಯಾಗಿ ಬಂದ ದಿನ ಇದು ಹೆಚ್ಚಬಹುದು. ಆ ಸಂಜೆ ಟ್ಯೂಷನ್, ನೆಂಟರು ಯಾವುದೂ ಬೇಡ. ಹೆತ್ತವರ ಬಗ್ಗೆ ಕೆಟ್ಟ ಮಾತೂ ಬೇಡ.

ಹದಿಹರೆಯದವರು ಎಷ್ಟೋ ಸಲ ಅಡುಗೆ ಕೆಲಸದ ನಡುವೆ, ಸ್ಕೂಟರಿನ ಹಿಂದೆ ಕೂತಾಗ ದೊಡ್ಡ ವಿಷಯ ಬಾಯಿಬಿಡುತ್ತಾರೆ. ಲೈಂಗಿಕ ದೌರ್ಜನ್ಯದ ಮಾತು ಬಂದರೆ ಕೆದಕಬೇಡಿ, ಮಗು ಬಳಸಿದ ಪದಗಳನ್ನೇ ಆಮೇಲೆ ಬರೆದಿಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರಿಗೆ, ಏಕೆ ಹೇಳುತ್ತೀರಿ ಎಂಬುದನ್ನು ಮೊದಲು ಮಗುವಿಗೇ ತಿಳಿಸಿ. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ಉಳಿದಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ನಂಬರನ್ನು ಮಗು ಬಂದ ದಿನವೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.