ಹಿಂದಿನ ಚಕ್ರ ಜಾಮ್ ಆದ ಮಿನಿ ಟ್ರ್ಯಾಕ್ಟರ್: ಬಿಚ್ಚುವ ಮೊದಲು ನಾನು ನೋಡುವುದು

ಏಣೆಲು (ಮುಂಗಾರಿನ ಭತ್ತದ ಬೆಳೆ) ಉಳುಮೆ ಮುಗಿಸಿ ಜುಲೈಯಲ್ಲಿ ಶೆಡ್ಡಿಗೆ ಸೇರಿದ ಮಿನಿ ಟ್ರ್ಯಾಕ್ಟರನ್ನು ಸುಗ್ಗಿ ಬೆಳೆಗೆಂದು ಅಕ್ಟೋಬರಿನಲ್ಲಿ ಹೊರಗೆ ತೆಗೆಯಲು ಹೋದರೆ ಅಲ್ಲಾಡುವುದಿಲ್ಲ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಗೇರ್ ಬೀಳುತ್ತದೆ, ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಕುಸಿದು ನಿಲ್ಲುತ್ತದೆ. "ಗೇರ್ ಬಾಕ್ಸೇ ಹೋಗಿದೆ ಮಾರಾಯ್ರೆ" ಎಂದು ಫೋನ್ ಬರುತ್ತದೆ. ಉಡುಪಿ ಜಿಲ್ಲೆಯ ಕೋಟ, ಸಾಸ್ತಾನ ಕಡೆಯ ಬೈಲುಗದ್ದೆಗಳಲ್ಲಿ ದುಡಿದ ಗಾಡಿಗಳಲ್ಲಿ ನಾನು ಕಂಡದ್ದು ಬೇರೆಯೇ. ಗೇರ್ ಬಾಕ್ಸಿನ ಹೆಸರು ಹೇಳಿ ಬರುವ ಇಂಥ ಕೇಸುಗಳಲ್ಲಿ ಹೆಚ್ಚಿನವು ಬ್ರೇಕಿನವು. ಆದರೂ ಅದನ್ನು ಊಹೆಯ ಮೇಲೆ ಹೇಳಲು ಹೋಗುವುದಿಲ್ಲ. ಹಿಂದಿನ ಎರಡೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಬೀಗ ಎಲ್ಲಿ ಬಿದ್ದಿದೆ ಎಂದು ಗಾಡಿಯೇ ತೋರಿಸಿಕೊಡುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಜಗ್ಗಬೇಡಿ. ತುಕ್ಕು ಹಿಡಿದ ಬ್ರೇಕ್ ಆದರೆ ಜಗ್ಗಿದಾಗ ಬಿಟ್ಟರೂ ಬಿಟ್ಟೀತು. ಆದರೆ ಮುರಿದ ಹಲ್ಲಿನ ಚೂರು ಕ್ರೌನ್ ಮತ್ತು ಪಿನಿಯನ್ (ಗೇರ್ ಬಾಕ್ಸಿನ ತಿರುಗನ್ನು ಹಿಂದಿನ ಚಕ್ರಗಳ ಕಡೆಗೆ ದಾಟಿಸುವ ದೊಡ್ಡ ಮತ್ತು ಸಣ್ಣ ಗೇರ್) ನಡುವೆ ಸಿಕ್ಕಿದ್ದರೆ ಅದೇ ಎಳೆತಕ್ಕೆ ಉಳಿದ ಹಲ್ಲುಗಳು ಹೋಗುತ್ತವೆ, ಅವನ್ನು ಮುಚ್ಚಿದ ಎರಕದ ಹೌಸಿಂಗೇ ಸೀಳಬಹುದು. ಎರಡು ಸಾವಿರದಲ್ಲಿ ಮುಗಿಯುವ ಕೆಲಸ ಐವತ್ತು ಸಾವಿರಕ್ಕೆ ಹೋಗುವುದು ಹೀಗೆ.

ಎತ್ತುವ ಕೆಲಸವನ್ನು ಅವಸರದಲ್ಲಿ ಮಾಡುವಂತಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗುವುದರಿಂದ ಗಾಡಿ ಪಕ್ಕಕ್ಕೆ ವಾಲುತ್ತದೆ. ಆಕ್ಸಲಿಗೂ ಅದರ ಮೇಲಿನ ಬ್ರಾಕೆಟಿಗೂ ನಡುವೆ ಎರಡೂ ಬದಿ ಮರದ ಬೆಣೆ ಹೊಡೆದುಬಿಡಿ. ನಮ್ಮ ಅಂಗಳದ ಮಣ್ಣು ಅಕ್ಟೋಬರಿನಲ್ಲೂ ಮೆತ್ತಗೆ ಇರುತ್ತದೆ, ಜಾಕಿಯ ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಕೈಗೆ ಸಿಕ್ಕಿತೆಂದು ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಇಟ್ಟು ಅದರ ಮೇಲೆ ಗಾಡಿ ಕೂರಿಸುವವರಿದ್ದಾರೆ. ಮಳೆಯಲ್ಲಿ ನೆನೆದ ಮುರಕಲ್ಲು ಸದ್ದಿಲ್ಲದೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಅಡ್ಡಡ್ಡ ಪೇರಿಸಿದ ಗಟ್ಟಿ ಮರದ ತುಂಡುಗಳು ಸಾಕು. ಎಂಜಿನ್ ಆಫ್, ಕೀ ಜೇಬಿನಲ್ಲಿ.

ಈಗ ಎಲ್ಲ ಲಿವರುಗಳನ್ನು ಬಿಡಿಸಬೇಕು. ಮೈನ್ ಗೇರ್ ನ್ಯೂಟ್ರಲ್, ಹೈ-ಲೋ ಗೇರ್ ನ್ಯೂಟ್ರಲ್, ಪಿ.ಟಿ.ಒ. (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟ್) ನ್ಯೂಟ್ರಲ್, ಫೋರ್ ವೀಲ್ ಲಿವರ್ ಆಫ್, ಪಾರ್ಕಿಂಗ್ ಬ್ರೇಕ್ ಕೆಳಗೆ. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಡಿಫ್ ಲಾಕಿನ ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆದು ನೋಡಿ, ಸ್ಪ್ರಿಂಗ್ ತಂದಿರುತ್ತದೆ ಎಂದು ನಂಬಬೇಡಿ. ಕೆಸರು ಒಣಗಿ ಪೆಡಲಿನ ಶಾಫ್ಟ್ ಹಿಡಿದಿದ್ದರೆ ಲಾಕ್ ಒಳಗೇ ಉಳಿದಿರುತ್ತದೆ.

ಬಲ ಚಕ್ರವನ್ನು ತಿರುಗಿಸಿ. ಅದು ತಿರುಗಿ, ಎಡ ಚಕ್ರ ಉಲ್ಟಾ ತಿರುಗಿದರೆ ಅಥವಾ ಸುಮ್ಮನೆ ನಿಂತರೆ ಇಷ್ಟರ ಮಟ್ಟಿಗೆ ಸರಿ. ಈಗ ಒಬ್ಬರು ಎಡ ಚಕ್ರ ಹಿಡಿದುಕೊಳ್ಳಲಿ, ನೀವು ಬಲವನ್ನು ತಿರುಗಿಸಿ. ಆಗಲೂ ತಿರುಗಿತೆಂದರೆ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಕ್ರೌನ್, ಪಿನಿಯನ್ ಎಲ್ಲ ಓಡುತ್ತಿವೆ. ಒಂದು ಚಕ್ರ ಕಲ್ಲಿನ ಹಾಗೆ ನಿಂತು ಇನ್ನೊಂದು ಸಲೀಸಾಗಿ ತಿರುಗುತ್ತದೆ ಎಂದಾದರೆ ಗೇರ್ ಬಾಕ್ಸಿನ ಚಿಂತೆ ಬಿಡಿ. ನಿಂತ ಬದಿಯ ಬ್ರೇಕ್, ಬುಲ್ ಗೇರ್ (ಆಕ್ಸಲನ್ನು ತಿರುಗಿಸುವ ಕೊನೆಯ ದೊಡ್ಡ ಗೇರ್) ಅಥವಾ ಆಕ್ಸಲ್ ಬೇರಿಂಗ್, ಈ ಮೂರರಲ್ಲಿ ಒಂದು.

ಎರಡು ಚಕ್ರಗಳೂ ಒಂದಕ್ಕೊಂದು ಉಲ್ಟಾ ಮಾತ್ರ ತಿರುಗುತ್ತವೆ, ಒಟ್ಟಿಗೆ ಒಂದೇ ದಿಕ್ಕಿಗೆ ಎಷ್ಟು ಜಗ್ಗಿದರೂ ಬರುವುದಿಲ್ಲ: ಆಗ ಕ್ರೌನ್‌ನಿಂದ ಮುಂದಕ್ಕೆ ಬೀಗ. ಅಂದರೆ ಪಿನಿಯನ್, ಗೇರ್ ಬಾಕ್ಸ್ ಅಥವಾ ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್. ಎರಡೂ ಯಾವಾಗಲೂ ಒಂದೇ ದಿಕ್ಕಿಗೆ ಕೂಡಿ ತಿರುಗಿದರೆ ಡಿಫ್ ಲಾಕ್ ಬಿಟ್ಟಿಲ್ಲ. ಯಾವ ರೀತಿಯಲ್ಲೂ ಎರಡೂ ಅಲ್ಲಾಡದಿದ್ದರೆ ಹೆಚ್ಚಾಗಿ ಎರಡು ಸಾಧ್ಯತೆ. ಎರಡೂ ಬದಿ ಬ್ರೇಕ್ ಹಿಡಿದಿದೆ, ಇಲ್ಲವೇ ಡಿಫ್ ಲಾಕ್ ಒಳಗಿದ್ದು ಜತೆಗೆ ಗೇರೂ ಸಿಕ್ಕಿಕೊಂಡಿದೆ. ಎರಡನೆಯದು ಕಂಡವರನ್ನೆಲ್ಲ ದಾರಿ ತಪ್ಪಿಸುತ್ತದೆ. ಪಿನಿಯನ್ನೇ ಕಚ್ಚಿಕೊಂಡಿತೆಂದು ಗಾಡಿಯನ್ನು ನಡುವಿಗೆ ಸೀಳಿದ ಮೇಲೆ ಪೆಡಲಿನ ತುಕ್ಕು ಕಣ್ಣಿಗೆ ಬೀಳುತ್ತದೆ. ಒಂದೇ ಚಕ್ರ ಎತ್ತಿ ನೋಡುವವರಿಗೆ ಇದ್ಯಾವುದೂ ತಿಳಿಯುವುದಿಲ್ಲ. ನೆಲದಲ್ಲಿರುವ ಚಕ್ರವೇ ಒಂದು ಬೀಗ.

ಕ್ರೌನ್‌ನಿಂದ ಮುಂದೆ ಎಂದು ಗೊತ್ತಾದರೆ ಕ್ಲಚ್ ಪೆಡಲ್ ಪೂರ್ತಿ ಒತ್ತಿಸಿ ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ. ಒತ್ತಿದಾಗ ಮಾತ್ರ ತಿರುಗಿದರೆ ಲಿವರ್ ನ್ಯೂಟ್ರಲ್ ತೋರಿಸಿದರೂ ಒಳಗೆ ಒಂದು ಗೇರ್ ಬಿದ್ದೇ ಇದೆ. ಒತ್ತಿದರೂ ಇಲ್ಲವೆಂದಾದರೆ, ಕ್ಲಚ್ ಪ್ಲೇಟ್ ಬಿಡುತ್ತಿರುವುದು ಖಾತ್ರಿಯಿದ್ದರೆ, ಎರಡು ಗೇರ್ ಒಟ್ಟಿಗೆ ಬಿದ್ದಿವೆ ಅಥವಾ ಬೇರಿಂಗ್ ಕಚ್ಚಿದೆ. ಎರಡು ಗೇರ್ ಬಿದ್ದಾಗ ಲಿವರ್ ಖಾಲಿ ಖಾಲಿ ಆಡುತ್ತದೆ, ಅದರ ತುದಿ ಗೇರ್ ಸರಿಸುವ ಫೋರ್ಕಿನ ಕಚ್ಚಿನಿಂದ ಜಾರಿರುತ್ತದೆ. ಮೇಲಿನ ಕವರ್ ಬಿಚ್ಚಿ, ಶಿಫ್ಟ್ ರಾಡುಗಳ ಕಚ್ಚುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ಒಂದೇ ಸಾಲಿಗೆ ತಂದರೆ ಚಕ್ರ ಆ ಕ್ಷಣವೇ ಬಿಡುತ್ತದೆ. ಅಷ್ಟಕ್ಕೇ ಕವರ್ ಮುಚ್ಚಬೇಡಿ. ಎರಡು ಗೇರ್ ಒಟ್ಟಿಗೆ ಬೀಳದಂತೆ ತಡೆಯುವ, ರಾಡುಗಳ ನಡುವಿನ ಇಂಟರ್‌ಲಾಕ್ ಪಿನ್ ಸವೆದಿದೆಯೇ, ರಾಡನ್ನು ಜಾಗದಲ್ಲಿ ಹಿಡಿಯುವ ಗುಂಡಿನ ಸ್ಪ್ರಿಂಗ್ ತುಂಡಾಗಿದೆಯೇ ನೋಡಿ ಬದಲಿಸದಿದ್ದರೆ ಮುಂದಿನ ವಾರ ಗದ್ದೆಯ ನಡುವೆ ಹಾಗೇ ಆಗುತ್ತದೆ.

ಫೋರ್ ವೀಲ್ ಲಿವರ್ ಬಿಡಿಸಲು ಬಾರದಿದ್ದರೆ ಮುಂದಿನ ಒಂದು ಚಕ್ರವನ್ನು ನೆಲದಿಂದ ಬಿಡಿಸುವಷ್ಟು ಎತ್ತಿ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಯೇ ಓಡಿಸಿದ್ದರೆ, ಮುಂದಿನ ಟಯರು ಹೊಸದು ಹಿಂದಿನದು ಸವೆದದ್ದು ಇದ್ದರೆ, ಶಾಫ್ಟಿನಲ್ಲಿ ತಿರುಚು ಬಿಗಿದು ನಿಂತಿರುತ್ತದೆ. ಎತ್ತಿದಾಗ "ಟಕ್" ಎಂದು ಬಿಚ್ಚಿಕೊಳ್ಳುತ್ತದೆ.

ನಿಂತ ಚಕ್ರದಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು, ಅದರ ಆಟ, ಅಂದರೆ ಸಡಿಲ. ಟಯರಿನ ಅಂಚಿಗೂ ಮಡ್‌ಗಾರ್ಡಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ಚಕ್ರವನ್ನು ಹಿಂದೆ ಮುಂದೆ ಅಲುಗಿಸಿ. ಬೀಗ ಗೇರ್ ಬಾಕ್ಸಿನಲ್ಲಿದ್ದರೆ ನಡುವಿನ ಎಲ್ಲ ಹಲ್ಲುಗಳ ಸಡಿಲ ಸೇರಿ ಗೆರೆ ಎರಡು ಮೂರು ಬೆರಳು ಸರಿಯುತ್ತದೆ, ಕೊನೆಗೆ ಒಳಗೆ "ಟಣ್" ಎನ್ನುತ್ತದೆ. ಬ್ರೇಕ್ ಹಿಡಿದಿದ್ದರೆ ಬುಲ್ ಗೇರಿನ ಒಂದು ಹಲ್ಲಿನ ಸಡಿಲ ಮಾತ್ರ, ಗೆರೆ ಅಲ್ಲಾಡಿದ್ದೇ ಕಾಣುವುದಿಲ್ಲ. ಚಕ್ರ ಸ್ವಲ್ಪ ತಿರುಗಿ ಒಂದೊಂದು ಕಡೆ ಹಿಡಿಯುತ್ತಿದ್ದರೆ ಎಣಿಸಿ. ಇನ್ನೊಂದು ಚಕ್ರವನ್ನು ಹಿಡಿದು ನಿಲ್ಲಿಸಿಕೊಂಡು ಒಂದು ಸುತ್ತಿಗೆ ಒಮ್ಮೆ ಹಿಡಿದರೆ ಬುಲ್ ಗೇರ್ ಅಥವಾ ಆಕ್ಸಲ್ ಬೇರಿಂಗ್; ಒಂದೇ ಸುತ್ತಿನಲ್ಲಿ ಸಮ ಅಂತರದಲ್ಲಿ ನಾಲ್ಕೈದು ಸಲ ಹಿಡಿದರೆ ಬುಲ್ ಗೇರನ್ನು ತಿರುಗಿಸುವ ಸಣ್ಣ ಗೇರ್, ಬುಲ್ ಪಿನಿಯನ್ ಕಡೆ ನೋಡಿ.

ಇತ್ತೀಚೆಗೆ ಬಿಚ್ಚಿದ ಗಾಡಿಯಲ್ಲಿ ಬಲ ತಿರುಗುತ್ತಿತ್ತು, ಎಡ ನಿಂತಿತ್ತು, ಗೆರೆ ಸರಿಯಲಿಲ್ಲ. ಎಡ ಬ್ರೇಕ್ ರಾಡಿನ ನಟ್ ಪೂರ್ತಿ ಸಡಿಲಿಸಿದೆ. ರಾಡ್ ಸಡಿಲವಾಗಿ ನೇತಾಡಿದರೂ ಚಕ್ರ ಬಿಡಲಿಲ್ಲ. ಅಂದರೆ ಪಾರ್ಕಿಂಗ್ ಬ್ರೇಕಿನ ಹಲ್ಲೋ ಲಿಂಕೋ ಅಲ್ಲ, ಒಳಗಿನದೇ. ಇದು ಒಣ ಡಿಸ್ಕ್ ಬ್ರೇಕ್. ಪಕ್ಕದ ಕವರ್ ತೆಗೆದಾಗ ಕೆಸರಿನ ಪುಡಿ ಹಿಟ್ಟಿನಂತೆ ಉದುರಿತು, ಕೆಳಗೆ ತುಕ್ಕಿನ ನೀರಿನ ಕಲೆ. ಇಂಥಲ್ಲಿ ಏರ್ ಹೊಡೆಯಬೇಡಿ, ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ನಡುವಿನ ಆಕ್ಚುಯೇಟರ್ ಎಂದರೆ ಎರಡು ಎರಕದ ತಟ್ಟೆಗಳು, ಅವುಗಳ ಇಳಿಜಾರು ಗುಳಿಗಳ ನಡುವೆ ಉಕ್ಕಿನ ಗುಂಡುಗಳು. ಪೆಡಲ್ ಒತ್ತಿದಾಗ ತಟ್ಟೆ ತುಸು ತಿರುಗಿ, ಗುಂಡು ಇಳಿಜಾರು ಹತ್ತಿ, ತಟ್ಟೆಗಳನ್ನು ಅಗಲಿಸಿ ಪ್ಲೇಟುಗಳಿಗೆ ಒತ್ತುತ್ತದೆ. ಈ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕ್ ಎಳೆದೇ ಮೂರು ತಿಂಗಳು ನಿಲ್ಲಿಸಿದ್ದರು. ಗುಂಡುಗಳು ಇಳಿಜಾರಿನ ಮೇಲೇ ನಿಂತು, ಪ್ರತಿಯೊಂದರ ಕೆಳಗೂ ಸಾಸಿವೆ ಕಾಳಿನಷ್ಟು ತುಕ್ಕಿನ ಗುಂಡಿ ಕೊರೆದಿತ್ತು. ರಾಡ್ ಬಿಟ್ಟರೂ ಗುಂಡು ಕೆಳಗೆ ಇಳಿಯಲಾರದು, ತಟ್ಟೆ ಅಗಲಿಯೇ ಇರುತ್ತದೆ. ಉಗುರಿಗೆ ಸಿಗದಷ್ಟು ಕಲೆಯಾದರೆ ಎಮರಿ ಕಾಗದದಲ್ಲಿ ಉಜ್ಜಿ ಬಳಸಬಹುದು. ಉಗುರು ತಡೆದರೆ ಆಕ್ಚುಯೇಟರ್ ಬದಲಿಸಿ, ಉಜ್ಜಿದ ಗುಂಡಿಯಲ್ಲಿ ಗುಂಡು ಮತ್ತೆ ಕೂರುತ್ತದೆ. ಪ್ಲೇಟುಗಳು ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಮೇಲೆ ಬೆರಳಲ್ಲಿ ನೂಕಿದರೆ ಸರಿಯಬೇಕು. ತುಕ್ಕು ಬಿಡಿಸುವ ಎಣ್ಣೆ ಲೈನಿಂಗಿಗೆ ತಾಗಿದರೆ ಆ ಪ್ಲೇಟ್ ಮತ್ತೆ ಬ್ರೇಕ್ ಹಿಡಿಯುವುದಿಲ್ಲ. ಒಂದು ಬದಿಗೆ ಹೊಸ ಪ್ಲೇಟ್ ಹಾಕಿದರೆ ಇನ್ನೊಂದು ಬದಿಗೂ ಹಾಕಿ, ಇಲ್ಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಚಕ್ರ ಬಿಟ್ಟಿತೆಂದು ನಾನು ಅಲ್ಲಿಗೆ ನಿಲ್ಲಿಸಲಿಲ್ಲ, ಗೇರ್ ಎಣ್ಣೆ ನೋಡಿದೆ. ಒಂದು ರಾತ್ರಿ ಗಾಡಿ ಅಲುಗಿಸದೆ ಬಿಟ್ಟು, ಬೆಳಿಗ್ಗೆ ಡ್ರೈನ್ ಬೋಲ್ಟನ್ನು ಎರಡು ಸುತ್ತು ಮಾತ್ರ ಸಡಿಲಿಸಿ ಕೆಳಗೆ ಗಾಜಿನ ಲೋಟ ಹಿಡಿಯುವುದು ನನ್ನ ಕ್ರಮ. ನೀರು ಭಾರ, ಅದೇ ಮೊದಲು ಬರುತ್ತದೆ. ಈ ಗಾಡಿಯಲ್ಲಿ ಅರ್ಧ ಲೋಟ ಬಂತು, ಹಿಂದಿನಿಂದ ಹಾಲು ಹೆಚ್ಚಾದ ಚಹಾದ ಬಣ್ಣದ ಎಣ್ಣೆ. ಸಂಶಯವಿದ್ದರೆ ಬಿಸಿ ಕಾವಲಿಯ ಮೇಲೆ ಎರಡು ಹನಿ ಬಿಡಿ, ನೀರಿದ್ದರೆ ಚಟಪಟ ಸಿಡಿಯುತ್ತದೆ. ಮುಖ ದೂರವಿರಲಿ. ಗದ್ದೆಯಲ್ಲಿ ದುಡಿದು ಬಿಸಿಯಾದ ಹೌಸಿಂಗ್ ತಣ್ಣೀರಿನ ಕೆಸರಲ್ಲಿ ನಿಂತಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಸೀಲಿನ ಸಂದಿನಿಂದ ಎಳೆಯುತ್ತದೆ. ಹೌಸಿಂಗಿಗೆ ಗಾಳಿಯಾಡುವ ಬ್ರೀದರ್ ತೂತು ಕೆಸರಿನಿಂದ ಮುಚ್ಚಿದ್ದರೆ ಇನ್ನೂ ಜೋರು. ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವೀಲಿಗೆ ಸುತ್ತಿದ ಹುಲ್ಲು, ನೈಲಾನ್ ಹಗ್ಗ ಸೀಲಿನ ತುಟಿ ಹರಿಯುತ್ತದೆ.

ಬೋಲ್ಟಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣಗಿನ ಬೂದು ಲೇಪ ಸಹಜ. ಸೂಜಿಯಂಥ ಚೂರು, ಒಂದು ಮೈ ನುಣುಪಾಗಿ ಬಾಗಿದ ತುಂಡು ಸಿಕ್ಕರೆ ಬೇರಿಂಗ್. ಅಂಚು ಒರಟಾದ ದಪ್ಪ ತುಂಡು ಹಲ್ಲು. ಆಗ ಮಾತ್ರ ಹೈಡ್ರಾಲಿಕ್ ಲಿಫ್ಟಿನ ಕವರ್ ಎತ್ತಿ ಕ್ರೌನ್ ನೋಡಬೇಕು, ಅದಕ್ಕೆ ಚೈನ್ ಬ್ಲಾಕ್ ಬೇಕು, ಕೈಯಲ್ಲಿ ಎತ್ತುವ ಭಾರವಲ್ಲ. ಆಕ್ಸಲ್ ಹೌಸಿಂಗ್ ಬಿಚ್ಚುವುದಾದರೆ ತೂಕಕ್ಕೆಂದು ಟಯರಿಗೆ ತುಂಬಿದ ನೀರು ಮೊದಲೇ ಖಾಲಿ ಮಾಡಿ, ಶಿಮ್‌ಗಳನ್ನು (ಸಂದು ಹೊಂದಿಸುವ ತೆಳು ಬಿಲ್ಲೆಗಳು) ಬದಿವಾರು ತಂತಿಯಲ್ಲಿ ಪೋಣಿಸಿಡಿ. ಎಡದ್ದು ಬಲಕ್ಕೆ ಹೋದರೆ ಬೇರಿಂಗಿನ ಬಿಗಿ ಕೆಡುತ್ತದೆ.

ಈ ಗಾಡಿಯಲ್ಲಿ ಚೂರಿರಲಿಲ್ಲ. ಆಕ್ಸಲ್ ಸೀಲ್ ಎರಡೂ ಬದಿ, ಲಿವರಿನ ರಬ್ಬರ್ ಬೂಟ್ ಹೊಸದು, ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದದ್ದು. ಎಣ್ಣೆ ಎರಡು ಸಲ. ಮೊದಲನೆಯದು ತೊಳೆಯಲಿಕ್ಕೆ, ಚಕ್ರ ಎತ್ತಿಯೇ ಇಟ್ಟು ಕಡಿಮೆ ವೇಗದಲ್ಲಿ 15 ನಿಮಿಷ ಓಡಿಸಿ ಬಿಸಿ ಇರುವಾಗಲೇ ಇಳಿಸಿದೆ. ಡೀಸೆಲ್ ಹಾಕಿ ತೊಳೆಯುವುದು ನನಗೆ ಒಪ್ಪಿಗೆಯಿಲ್ಲ, ಮೂಲೆಗಳಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ಬ್ರೇಕ್ ಪ್ಲೇಟುಗಳು ಈ ಎಣ್ಣೆಯಲ್ಲೇ ಮುಳುಗಿರುವ ಮಾಡೆಲ್ ಆದರೆ ಕಂಪನಿ ಹೇಳಿದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆಯೇ ಬೇಕು. ಸಾದಾ ಗೇರ್ ಎಣ್ಣೆ ಹಾಕಿದರೆ ಬ್ರೇಕ್ ಕಿರುಚುತ್ತದೆ, ಜಾರುತ್ತದೆ.

ಹತ್ತು ಗಂಟೆ ಕೆಲಸವಾದ ಮೇಲೆ ಮತ್ತೆ ಲೋಟ ಹಿಡಿದೆ. ಎಣ್ಣೆ ಸ್ವಚ್ಛ. ಮುಂದಿನ ಮಳೆಗಾಲಕ್ಕೆ ಮಾಲೀಕರಿಗೆ ಹೇಳಿದ್ದು ಇಷ್ಟು: ಗದ್ದೆಯಿಂದ ಬಂದ ದಿನವೇ ಬ್ರೇಕ್ ಕವರಿನ ಸುತ್ತ ಕೆಸರು ತೊಳೆದು, ಒಣಗಲು ನಾಲ್ಕು ಸಲ ಬ್ರೇಕ್ ಒತ್ತಿ ಓಡಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ಅಡೆ ಕೊಟ್ಟು ನಿಲ್ಲಿಸಿ, 15 ದಿನಕ್ಕೊಮ್ಮೆ ಅಂಗಳದಲ್ಲಿ ಹತ್ತು ಮಾರು ಹಿಂದೆ ಮುಂದೆ ತೆಗೆಯಿರಿ.